ಮೂರು ವರ್ಷದ ಮಗು ಪೊರಕೆ ಕೇಳಿದ್ರೆ ಕೊಡಿ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರಾ ಅಥವಾ ಪಾತ್ರೆ ತೊಳೀತಾ ಕೇಳ್ತಿದ್ದೀರಾ? ನಮ್ಮಲ್ಲಿ ಪಾತ್ರೆ ತೊಳೀತಾ ಕೇಳೋರೇ ಜಾಸ್ತಿ ಅಂತ ನಿಮ್ಮ ಮೆಸೇಜ್‌ಗಳಿಂದ ಗೊತ್ತಾಗಿದೆ. ಇವತ್ತಿನ ಮಾತು ಅಂಥವರಿಗೆ ಇನ್ನೂ ಹತ್ತಿರ ಆಗ್ಬಹುದು.

ತುಮಕೂರಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಅವರ ಮಗನಿಗೆ ಮೂರೂವರೆ ವರ್ಷ. ಅಮ್ಮ ಕಸ ಗುಡಿಸೋಕೆ ಶುರು ಮಾಡಿದ್ರೆ ಸಾಕು, ಓಡಿ ಬಂದು ಪೊರಕೆ ಹಿಡ್ಕೊಂಡು ಎಳೀತಾನಂತೆ. 'ನಾನೂ ನಾನೂ' ಅಂತ. ಇವರು ಕೊಟ್ಟುಬಿಡ್ತಾರೆ. ಅಲ್ಲಿಗೆ ಅತ್ತೆ ಬಂದು, 'ಗಂಡು ಮಗು ಕೈಗೆ ಪೊರಕೆ ಕೊಡ್ತಾರೇನಮ್ಮಾ?' ಅಂತಾರೆ. ಗಂಡ ಏನೂ ಹೇಳಲ್ಲ, ಮೊಬೈಲ್ ನೋಡ್ತಿರ್ತಾರೆ. ಅವರ ಪ್ರಶ್ನೆ ಎರಡು. ಒಂದು, ಇಷ್ಟು ಚಿಕ್ಕ ಮಗು ಹತ್ರ ಕೆಲಸ ಮಾಡಿಸೋದು ತಪ್ಪಾ? ಎರಡು, ಯಾವ ವಯಸ್ಸಿಗೆ ಯಾವ ಕೆಲಸ ಕೊಡಬಹುದು?

'ನಂಗಿನ್ನೂ ಮದುವೆನೇ ಆಗಿಲ್ಲ, ನಂಗ್ಯಾಕೆ ಇದು' ಅಂತ ಸ್ಕಿಪ್ ಮಾಡ್ಬೇಡಿ. ನೀವು ಯಾರಿಗೋ ಚಿಕ್ಕಪ್ಪ, ಯಾರಿಗೋ ಅತ್ತೆ, ಯಾರಿಗೋ ಸೋದರಮಾವ ಆಗಿರ್ತೀರಿ. ಆ ಮಗು ಕೈಗೆ ಮೊದಲು ಮೊಬೈಲ್ ಕೊಡೋದೂ ಬಹಳ ಮನೆಗಳಲ್ಲಿ ನಾವೇ.

ಮೊದಲನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಮಗು ಪೊರಕೆ ಎಳೆಯೋದು ತುಂಟಾಟ ಅಂತ ನಾವಂದ್ಕೋತೀವಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕನ್, ಮೈಕಲ್ ಟೊಮಾಸೆಲ್ಲೊ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 18 ತಿಂಗಳ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ರು, 2006ರಲ್ಲಿ ಪ್ರಕಟ ಆಯ್ತು. ಒಬ್ಬ ದೊಡ್ಡವರು ಬಟ್ಟೆ ಒಣಗಿಸ್ತಾ ಕ್ಲಿಪ್ ಬೀಳಿಸ್ತಾರೆ, ಬಗ್ಗಿದ್ರೂ ಕೈಗೆ ಸಿಗಲ್ಲ ಅನ್ನೋ ಹಾಗೆ ನಟಿಸ್ತಾರೆ. ಇಲ್ಲಾಂದ್ರೆ ಕೈ ತುಂಬಾ ಪುಸ್ತಕ ಹಿಡ್ಕೊಂಡು ಬೀರು ಬಾಗಿಲಿಗೆ ಡಿಕ್ಕಿ ಹೊಡೀತಾರೆ. ಆ ಮಕ್ಕಳಿಗೆ ಇವರು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. 'ಬಾ, ಸಹಾಯ ಮಾಡು' ಅಂತ ಯಾರೂ ಕರೀಲಿಲ್ಲ. ಆದ್ರೂ ಹೆಚ್ಚಿನ ಮಕ್ಕಳು ಎದ್ದು ಹೋಗಿ ಕ್ಲಿಪ್ ತಂದುಕೊಟ್ರು, ಬೀರು ಬಾಗಿಲು ತೆಗೆದುಕೊಟ್ರು. ಸರಿಯಾಗಿ ಮಾತೂ ಬರದ ವಯಸ್ಸು ಅದು!

ಅಂದ್ರೆ ಕೆಲಸ ಮಾಡೋ ಆಸೆಯನ್ನ ನಾವು ಮಕ್ಕಳಿಗೆ ಕಲಿಸಬೇಕಿಲ್ಲ, ಅದು ಆಗಲೇ ಇದೆ. ನಾವು ಮಾಡೋದು ಅದನ್ನ ಓಡಿಸೋ ಕೆಲಸ. 'ಹೋಗು ಕಂದ, ಅಡ್ಡ ಬರಬೇಡ, ಹೋಗಿ ಟಿವಿ ನೋಡು.' ಎರಡು ವರ್ಷದಿಂದ ಎಂಟು ವರ್ಷದವರೆಗೆ ಹೀಗೆ ಓಡಿಸಿ, ಒಂಬತ್ತನೇ ವರ್ಷಕ್ಕೆ ಇದ್ದಕ್ಕಿದ್ದಂತೆ, 'ಇಷ್ಟು ದೊಡ್ಡವನಾದೆ, ತಿಂದ ತಟ್ಟೆ ಎತ್ತಿಡೋಕೂ ಆಗಲ್ವಾ?' ಅಂತ ಬೈತೀವಿ. ಅವನಿಗೆ ಮಾಡಬೇಕು ಅನ್ನಿಸ್ತಿದ್ದಾಗ ನಾವು ಬಿಡಲಿಲ್ಲ. ನಮಗೆ ಬೇಕಾದಾಗ ಅವನಿಗೆ ಅನ್ನಿಸ್ತಿಲ್ಲ.

ಇಲ್ಲೊಂದು ತಮಾಷೆ ಹೇಳ್ತೀನಿ. ಬೆಂಗಳೂರಲ್ಲಿ ಮಾಂಟೆಸೊರಿ ಸ್ಕೂಲ್‌ಗೆ ಎಷ್ಟು ಫೀಸ್ ಅಂತ ನಿಮಗೆ ಗೊತ್ತಿರುತ್ತೆ. ಅಲ್ಲಿ ಮೂರು ವರ್ಷದ ಮಕ್ಕಳು ಏನ್ಮಾಡ್ತಾರೆ? ಒಂದು ಬಟ್ಟಲಿಂದ ಇನ್ನೊಂದು ಬಟ್ಟಲಿಗೆ ಕಾಳು ಸುರೀತಾರೆ. ಜಗ್‌ನಿಂದ ಲೋಟಕ್ಕೆ ನೀರು ಬಗ್ಗಿಸ್ತಾರೆ. ಕರ್ಚೀಫು ಮಡಚ್ತಾರೆ. ಟೇಬಲ್ ಒರೆಸ್ತಾರೆ. ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದ್ರಲ್ಲ, ಅವತ್ತಿನಿಂದ ಈ ಪದ್ಧತಿಯಲ್ಲಿ ಗುಡಿಸೋದು, ಒರೆಸೋದು, ಬಡಿಸೋದು ಪಾಠದ ಭಾಗವೇ. ಮಕ್ಕಳ ಕೈಗೆ ಸರಿಹೋಗೋ ಪುಟ್ಟ ಪೊರಕೆ, ಪುಟ್ಟ ಜಗ್ ಮಾಡಿಸಿದ್ದು ಅದಕ್ಕೇ. 1939ರಲ್ಲಿ ಆಯಮ್ಮ ಮದರಾಸಿನ ಅಡ್ಯಾರ್‌ಗೆ ಬಂದ್ರು, ಯುದ್ಧ ನಡೀತಿದ್ದ ಕಾರಣ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಟೀಚರ್‌ಗಳಿಗೆ ತರಬೇತಿ ಕೊಟ್ರು. ನಾವೀಗ ಅದೇ ಕಾಳು ಸುರಿಯೋ ಪಾಠಕ್ಕೆ ದುಡ್ಡು ಕಟ್ಟಿ ಮಗುನ ಕಳಿಸ್ತೀವಿ. ಸಂಜೆ ಮನೆಗೆ ಬಂದು ಅದೇ ಮಗು ಬೇಳೆ ಡಬ್ಬಕ್ಕೆ ಕೈ ಹಾಕಿದ್ರೆ, 'ಏಯ್, ಚೆಲ್ತೀಯ!' ಬಿ.ಕಾಂ. ಓದಿದವಳು ನಾನು, ಈ ಲೆಕ್ಕ ನನಗೆ ಇವತ್ತಿಗೂ ತಾಳೆ ಆಗಿಲ್ಲ.

ಸರಿ, ಎರಡನೇ ಪ್ರಶ್ನೆ. ಯಾವ ವಯಸ್ಸಿಗೆ ಯಾವ ಕೆಲಸ. ಇಂಟರ್ನೆಟ್‌ನಲ್ಲಿ ಇದಕ್ಕೆ ಬಣ್ಣಬಣ್ಣದ ಚಾರ್ಟ್‌ಗಳಿವೆ, ಬೇಕಾದಷ್ಟು. ಹೆಚ್ಚಿನವು ನಮ್ಮ ಮನೆಗೆ ಹೊಂದಲ್ಲ. ಎಲೆ ಗುಡ್ಡೆ ಹಾಕಿ, ಡಿಶ್‌ವಾಷರ್ ಖಾಲಿ ಮಾಡಿ ಅಂತೆಲ್ಲ ಇರುತ್ತೆ. ನಮ್ಮ ಮನೆ ಕೆಲಸವನ್ನೇ ನೋಡೋಣ.

ಒಂದೂವರೆಯಿಂದ ಮೂರು ವರ್ಷದವರೆಗೆ ಎತ್ತಿ ಇಡೋ ಕೆಲಸ. ಬಿಚ್ಚಿದ ಬಟ್ಟೆ ಒಗೆಯೋ ಬುಟ್ಟಿಗೆ ಹಾಕೋದು, ಚಪ್ಪಲಿ ಜೋಡಿಸೋದು, ತಾತನಿಗೆ ಪೇಪರ್ ಕೊಡೋದು, ಚೀಲದಿಂದ ಆಲೂಗಡ್ಡೆ ಈರುಳ್ಳಿ ತೆಗೆದು ಬುಟ್ಟಿಗೆ ಹಾಕೋದು, ತಾನು ಚೆಲ್ಲಿದ ನೀರನ್ನ ಹಳೇ ಬನಿಯನ್ ಬಟ್ಟೇಲಿ ಒರೆಸೋದು. ಒರೆಸಿದ ಮೇಲೆ ನೀರು ಇನ್ನೂ ದೊಡ್ಡದಾಗಿ ಹರಡಿರುತ್ತೆ. ಇರಲಿ.

ಮೂರು ದಾಟಿದ ಮೇಲೆ ಅಡುಗೆಮನೆ ಪಕ್ಕದ ಕೆಲಸ. ಕರಿಬೇವು ಬಿಡಿಸೋದು, ಬಾಳೆ ಎಲೆ ಒರೆಸೋದು, ತಟ್ಟೆ ಲೋಟ ಇಡೋದು, ಗಿಡಕ್ಕೆ ನೀರು ಹಾಕೋದು, ಸಾಕ್ಸ್ ಜೋಡಿ ಹುಡುಕೋದು. ನನ್ನನ್ನ ಕೇಳಿದ್ರೆ ಇದ್ರಲ್ಲೆಲ್ಲ ರಾಜ ಅಂದ್ರೆ ಅವರೆಕಾಯಿ. ಡಿಸೆಂಬರ್, ಜನವರೀಲಿ ಸೊಗಡಿನ ಕಾಯಿ ಬಂದಾಗ ಹಳೇ ಮೈಸೂರು ಕಡೆ ಮನೆಗಳಲ್ಲಿ ಹಿತಕಿದ ಬೇಳೆ ಮಾಡ್ತಾರಲ್ಲ. ಕಾಯಿ ಸುಲಿದು, ಕಾಳನ್ನ ನೀರಲ್ಲಿ ನೆನೆಹಾಕಿ, ಆಮೇಲೆ ಒಂದೊಂದೇ ಕಾಳನ್ನ ಎರಡು ಬೆರಳ ಮಧ್ಯೆ ಹಿಡಿದು ಹಿತುಕಬೇಕು. ಪಟ್ ಅಂತ ಬೇಳೆ ಹೊರಗೆ ಹಾರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆ ಆಟ ಯಾವ ಅಂಗಡೀಲೂ ಸಿಗಲ್ಲ. ಬೆರಳಿಗೆ ಬಲ ಬರುತ್ತೆ, ಮುಂದೆ ಪೆನ್ಸಿಲ್ ಹಿಡಿಯೋದೂ ಅದೇ ಎರಡು ಬೆರಳು ಮತ್ತು ಹೆಬ್ಬೆರಳ ಕೆಲಸ ತಾನೇ. ದೊಡ್ಡವರೂ ಪಕ್ಕದಲ್ಲೇ ಕೂತು ಮಾಡ್ತಿರ್ತಾರೆ, ಬಾಯಿ ಖಾಲಿ ಇರುತ್ತೆ, ಮಾತು ನಡೆಯುತ್ತೆ. ಒಂದೇ ಎಚ್ಚರಿಕೆ. ಮೂರು ವರ್ಷದೊಳಗಿನ ಮಗುವಿಗೆ ಕಾಳು ಕೊಟ್ಟು ಎದ್ದು ಹೋಗ್ಬೇಡಿ. ಅವರೆ, ಬಟಾಣಿ, ಕಡಲೆ ಯಾವುದೇ ಆಗಲಿ, ಮೂಗಿಗೆ ಹೋಗುತ್ತೆ ಅಥವಾ ಗಂಟಲಿಗೆ ಹೋಗುತ್ತೆ.

ಕಳೆದ ಚಳಿಗಾಲದಲ್ಲಿ ನನ್ನ ಕಸಿನ್ ಮಗಳ ಜೊತೆ ಇದನ್ನ ಮಾಡಿ, ಸುಮ್ನೆ ಮೊಬೈಲ್‌ನಲ್ಲಿ ಟೈಮರ್ ಇಟ್ಟೆ. ನಾನೊಬ್ಬಳೇ ಆಗಿದ್ರೆ ಒಂದು ಬಟ್ಟಲಿಗೆ ಹದಿನೈದು ನಿಮಿಷ. ಅವಳೂ ಸೇರಿ ನಲವತ್ತು. ಅಡುಗೆಗೆ ಹೊತ್ತಾಗ್ತಿದ್ದ ದಿನ ಆ ಇಪ್ಪತ್ತೈದು ನಿಮಿಷ ದೊಡ್ಡ ನಷ್ಟ, ಒಪ್ಕೋತೀನಿ. ಕೆಲಸಕ್ಕೆ ಹೋಗೋ ತಾಯಿ ಬೆಳಿಗ್ಗೆ ಏಳೂವರೆಗೆ ಇದನ್ನ ಮಾಡಿಸೋಕಾಗಲ್ಲ, ಮಾಡಿಸಿ ಅಂತ ನಾನು ಹೇಳಲ್ಲ ಕೂಡ. ಭಾನುವಾರ ಮಾಡಿ, ಸಂಜೆ ಮಾಡಿ. ದಿನಕ್ಕೆ ಒಂದು ಕೆಲಸ, ಅಷ್ಟೇ. ಆದ್ರೆ ಆ ಇಪ್ಪತ್ತೈದು ನಿಮಿಷವನ್ನ ಖರ್ಚಿನ ಕಡೆ ಬರೀಬೇಡಿ. ಅದು ಬಂಡವಾಳ. ಆರೇಳು ವರ್ಷಕ್ಕೆ ಆ ಮಗು ನಿಮಗೆ ಹೇಳದೇನೇ ಬಟ್ಟೆ ಮಡಚಿಡುತ್ತೆ ನೋಡಿ, ಆಗ ಬಡ್ಡಿ ಬರೋಕೆ ಶುರು.

ಐದಾರು ವರ್ಷಕ್ಕೆ ಮಗುವಿನ ಹೆಸರಲ್ಲೇ ಒಂದು ಕೆಲಸ ಇರಲಿ. ಹಾಸಿಗೆ ಮಡಚೋದು, ಸ್ಕೂಲಿಂದ ಬಂದ ಮೇಲೆ ತನ್ನ ಟಿಫನ್ ಬಾಕ್ಸ್ ತೊಳೆಯೋದು, ಅನ್ನಕ್ಕೆ ಅಕ್ಕಿ ಅಳೆಯೋದು. ಅಕ್ಕಿ ಅಳೆಯೋದು ನಂಗೆ ಬಹಳ ಇಷ್ಟ. ಮನೇಲಿ ಆರು ಜನ, ಇವತ್ತು ಅತ್ತೆ ಊರಿಗೆ ಹೋಗಿದ್ದಾರೆ, ಹಾಗಾದ್ರೆ ಎಷ್ಟು ಪಾವು? ಅಕ್ಕಿಗೆ ಎರಡರಷ್ಟು ನೀರು ಅಂದ್ರೆ ಎಷ್ಟು? ಇದು ಲೆಕ್ಕದ ಪಾಠವೇ, ಹೋಮ್‌ವರ್ಕ್ ಪುಸ್ತಕ ತೆಗೀದೆ ಆಗೋ ಪಾಠ. ಹಸಿ ಕಸ, ಒಣ ಕಸ ಬೇರೆ ಮಾಡೋದನ್ನೂ ಈ ವಯಸ್ಸಿನವರಿಗೆ ಕೊಡಿ. ಬಾಳೆಹಣ್ಣಿನ ಸಿಪ್ಪೆ ಎಲ್ಲಿಗೆ, ಹಾಲಿನ ಪ್ಯಾಕೆಟ್ ಎಲ್ಲಿಗೆ, ಬಿಸ್ಕತ್ ಕವರ್ ಎಲ್ಲಿಗೆ. ಅಪ್ಪ ತಪ್ಪು ಬುಟ್ಟಿಗೆ ಹಾಕಿದ್ರೆ ಹಿಡ್ಕೊಂಡು ಬೈಯೋದಿದೆಯಲ್ಲ, ಆ ಖುಷಿಗೆ ಅವರು ವರ್ಷಗಟ್ಟಲೆ ಈ ಕೆಲಸ ಮಾಡ್ತಾರೆ. ಒಡೆದ ಗಾಜು, ಬ್ಲೇಡು, ಡಯಾಪರ್ ಇವೆಲ್ಲ ದೊಡ್ಡವರದ್ದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಎಂಟು ಒಂಬತ್ತಕ್ಕೆ ಚಪಾತಿ ಹಿಟ್ಟು ಕಲೆಸೋದು, ಸೌತೆಕಾಯಿ ಹೆಚ್ಚೋದು, ಬಟ್ಟೆ ಒಣಹಾಕೋದು, ಬೀದಿ ಕೊನೆ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬರೋದು. ಒಲೆ ಮುಂದೆ ನಿಲ್ಲೋದು ಹತ್ತರ ಮೇಲೆ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ.

ಕೊಡಲೇಬಾರದ ಕೆಲಸಗಳ ಬಗ್ಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಕುಕ್ಕರ್, ಕುದಿಯೋ ಸಾರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಈಳಿಗೆಮಣೆ ಬೇಡ. ಬಾತ್‌ರೂಮ್ ತೊಳೆಯೋ ಆಸಿಡ್ ಮುಟ್ಟಿಸ್ಲೇಬೇಡಿ. ನಮ್ಮಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಇದೆ, ಫಿನಾಯಿಲನ್ನ ಹಳೇ ಕೂಲ್‌ಡ್ರಿಂಕ್ ಬಾಟಲಿಗೆ ತುಂಬಿಡೋದು. ಮನೆಯಲ್ಲಿ ಓಡಾಡೋ ಮಗು ಇದ್ರೆ ಅದನ್ನ ಇವತ್ತೇ ಬದಲಾಯಿಸಿ. ಮತ್ತೆ ಬಕೆಟ್. ಪುಟ್ಟ ಮಗುವಿನ ತಲೆ ಭಾರ ಜಾಸ್ತಿ. ನೀರು ತುಂಬಿದ ಬಕೆಟ್‌ಗೆ ಬಗ್ಗಿ ತಲೆಕೆಳಗಾಗಿ ಬಿದ್ರೆ ತಾನಾಗಿ ಏಳೋಕಾಗಲ್ಲ, ಕೂಗೋಕೂ ಆಗಲ್ಲ. ನೆಲ ಒರೆಸೋ ಆಟ ಆಡಿಸೋದಾದ್ರೆ ಚಿಕ್ಕ ಬಟ್ಟಲಲ್ಲಿ ನೀರು ಕೊಡಿ. ಸಂಪ್ ಮುಚ್ಚಳ ಹಾಕಿದ್ಯಾ ಅಂತ ನೋಡ್ಕೊಳ್ಳಿ.

ಮಗು ಮಾಡಿದ ಕೆಲಸವನ್ನ ಅದರ ಕಣ್ಣೆದುರೇ ಮತ್ತೆ ಮಾಡ್ಬೇಡಿ. ಅದು ಮಡಚಿದ ಟವಲ್ ಸೊಟ್ಟಗಿದೆ, ಗೊತ್ತು. ನೀವು ತಕ್ಷಣ ಬಿಚ್ಚಿ ನೀಟಾಗಿ ಮಡಚಿದ್ರೆ ಮಗುವಿಗೆ ಅರ್ಥ ಆಗೋದು ಒಂದೇ, 'ನಾನು ಮಾಡಿದ್ದು ಲೆಕ್ಕಕ್ಕಿಲ್ಲ.' ಸೊಟ್ಟ ಟವಲ್ಲೂ ಮೈ ಒರೆಸುತ್ತೆ.

ಈಗ ಅತ್ತೆ ವಿಷಯ. ಗಂಡು ಮಗು, ಪೊರಕೆ.

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಅಂತ ಒಂದಿದೆ. ದಿನದ 24 ಗಂಟೆಯನ್ನ ಜನ ಹೇಗೆ ಕಳೀತಾರೆ ಅಂತ ಮನೆಮನೆಗೆ ಹೋಗಿ ಕೇಳ್ತಾರೆ. 2024ರ ಸಮೀಕ್ಷೆ ಪ್ರಕಾರ, ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ನಾಲ್ಕೂಮುಕ್ಕಾಲು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ಆ 88 ಕೂಡ ಮನೆಗೆಲಸಕ್ಕೆ ಕೈ ಹಾಕೋ ಗಂಡಸರ ಸರಾಸರಿ ಮಾತ್ರ. ಕೈಯೇ ಹಾಕದವರು ಆ ಲೆಕ್ಕದಲ್ಲಿಲ್ಲ. ಅವರೇ ಬಹುಪಾಲು. ಇನ್ನೂ ಒಂದು ವಿಷಯ ನನಗೆ ಚುಚ್ಚಿದ್ದು ಏನಂದ್ರೆ, ಈ ಸಮೀಕ್ಷೆ ಲೆಕ್ಕ ಶುರು ಮಾಡೋದೇ 6 ವರ್ಷದವರಿಂದ. ಹೆಂಗಸರು ಅಂತ ನಾನು ಹೇಳಿದ ಆ ಅಂಕಿಯೊಳಗೆ ಎರಡನೇ ಕ್ಲಾಸಿನ ಹುಡುಗಿಯರೂ ಇದ್ದಾರೆ.

ನಮ್ಮನೇಲೂ ಇದೇ ಕಥೆ. ಒಂಬತ್ತನೇ ವಯಸ್ಸಿಗೆ ನಾನು ಸ್ಟೂಲ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೆ. ತಮ್ಮ ಹೊರಗೆ ಕ್ರಿಕೆಟ್. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ನಡೀತು. ಆಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ತು. ಇಪ್ಪತ್ಮೂರು ವರ್ಷದ ಇಂಜಿನಿಯರ್, ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡಿ, 'ಅಕ್ಕಾ, ಅನ್ನಕ್ಕೆ ಎಷ್ಟು ಸೀಟಿ?' ಅಂದ. ನಂಗೆ ನಗು ಬಂತು. ಪಾಪ ಅಂತಲೂ ಅನ್ನಿಸ್ತು. ಹೊರಗೆ ತಿಂದು ತಿಂದು ಹೊಟ್ಟೆ ಕೆಡಿಸ್ಕೊಂಡಿದ್ದ. ಮನೇಲಿ ಅವನಿಗೆ ಪ್ರೀತಿಯಿಂದ ಕೆಲಸ ತಪ್ಪಿಸಿದ್ರು, ಆ ಪ್ರೀತಿಯೇ ಅವನನ್ನ ಕಷ್ಟಕ್ಕೆ ಹಾಕಿತ್ತು. ಈಗ ಸಾರು, ಪಲ್ಯ ಎಲ್ಲ ಮಾಡ್ತಾನೆ, ನನಗಿಂತ ಚೆನ್ನಾಗಿ. ಆದ್ರೆ ಕಲಿತಿದ್ದು ಯೂಟ್ಯೂಬ್‌ನಿಂದ, ಅಮ್ಮನಿಂದ ಅಲ್ಲ. ಅಮ್ಮನಿಗೆ ಈಗ ಅದೊಂದು ಬೇಜಾರು.

ಹಾಗಾಗಿ ತುಮಕೂರಿನ ಅಕ್ಕನಿಗೆ ನಾನು ಹೇಳೋದು, ಅತ್ತೆ ಜೊತೆ ಪೊರಕೆಗೋಸ್ಕರ ಜಗಳ ಬೇಡ. ಅವರ ಕಾಲದಲ್ಲಿ ಗಂಡು ಮಗು ಕೈಯಲ್ಲಿ ಪೊರಕೆ ಅಂದ್ರೆ ಮನೆಗೇ ಅವಮಾನ ಅನ್ನೋ ಹಾಗಿತ್ತು. ಒಂದು ಮಾತಿಗೆ ಅದು ಹೋಗಲ್ಲ. ಅದರ ಬದಲು ಮೊಮ್ಮಗನನ್ನ ಅವರ ಪಕ್ಕದಲ್ಲೇ ಕೂರಿಸಿ. ಸೊಪ್ಪು ಬಿಡಿಸೋದನ್ನ, ಬೆಳ್ಳುಳ್ಳಿ ಸುಲಿಯೋದನ್ನ ಅವರೇ ಹೇಳಿಕೊಡಲಿ. ಅಜ್ಜಿ ಕಲಿಸಿದ ಕೆಲಸಕ್ಕೆ ಅಜ್ಜಿ ಬೇಡ ಅನ್ನಲ್ಲ, ಅಕ್ಕಪಕ್ಕದವರ ಹತ್ರ ಹೇಳ್ಕೊಂಡು ಬರ್ತಾರೆ. ಪೊರಕೆ ನಿಧಾನಕ್ಕೆ ಬರುತ್ತೆ. ಜಗಳ ಮಾಡ್ಲೇಬೇಕು ಅಂತಿದ್ರೆ ಮೊಬೈಲ್ ನೋಡ್ತಾ ಕೂತಿರೋ ಗಂಡನ ಹತ್ರ ಮಾಡಿ. ಅಪ್ಪ ಗುಡಿಸೋದನ್ನ ನೋಡದ ಹುಡುಗ ಎಷ್ಟು ದಿನ ಪೊರಕೆ ಕೇಳ್ತಾನೆ? ಐದು ವರ್ಷಕ್ಕೆ ಅವನಿಗೂ ಗೊತ್ತಾಗಿಬಿಡುತ್ತೆ, ಈ ಮನೇಲಿ ಇದು ಯಾರ ಕೆಲಸ ಅಂತ.

ಹೆಣ್ಣುಮಕ್ಕಳ ಮನೆಯವರಿಗೆ ಇದೇ ಮಾತು ಉಲ್ಟಾ. 'ನನ್ನ ಮಗಳು ಎಷ್ಟು ಜವಾಬ್ದಾರಿ, ತಮ್ಮನ್ನ ಅವಳೇ ನೋಡ್ಕೋತಾಳೆ, ಅಡುಗೆನೂ ಮಾಡ್ತಾಳೆ' ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, ಒಂದ್ಸಲ ಗಂಟೆ ಲೆಕ್ಕ ಹಾಕಿ ನೋಡಿ. 5ರಿಂದ 14 ವರ್ಷದ ಮಗು ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮನೆಗೆಲಸ ಮಾಡ್ತಿದ್ರೆ ಅದನ್ನ ಬಾಲ ಕಾರ್ಮಿಕತನ ಅಂತಲೇ ಯುನಿಸೆಫ್ ಎಣಿಸುತ್ತೆ. ದಿನಕ್ಕೆ ಮೂರು ಗಂಟೆ. ಬೆಳಿಗ್ಗೆ ನೀರು ಹಿಡಿದು, ಗುಡಿಸಿ, ಸಂಜೆ ಪಾತ್ರೆ ತೊಳೆದು, ತಮ್ಮನನ್ನ ಎತ್ಕೊಂಡು ತಿರುಗಿದ್ರೆ ಮೂರು ಗಂಟೆ ಆಗೋಕೆ ಎಷ್ಟು ಹೊತ್ತು? ನಮ್ಮ ದೇಶದ ಕಾನೂನು 14 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ಇಟ್ಕೊಳ್ಳೋದನ್ನ ನಿಷೇಧಿಸುತ್ತೆ. 2016ರ ತಿದ್ದುಪಡಿಯಲ್ಲಿ ಶಾಲೆ ಮುಗಿದ ಮೇಲೆ, ರಜೆಯಲ್ಲಿ ಮನೆಯವರಿಗೆ ಸಹಾಯ ಮಾಡೋಕೆ ವಿನಾಯಿತಿ ಇದೆ. ಆ ವಿನಾಯಿತಿ ಹೆಸರಲ್ಲಿ ಯಾವ ಮಗುವಿನ ಆಟ, ಓದು, ನಿದ್ದೆ ಕಳೆದುಹೋಗ್ತಿದೆ ಅಂತ ನೋಡೋಕೆ ಇನ್ಸ್‌ಪೆಕ್ಟರ್ ಯಾರೂ ಮನೆಯೊಳಗೆ ಬರಲ್ಲ. ನಾವೇ ನೋಡ್ಬೇಕು. ಆರು ವರ್ಷದ ಮಗುವಿಗೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ ಧಾರಾಳ ಆಯ್ತು ಅನ್ನೋದು ನನ್ನ ಅಭಿಪ್ರಾಯ, ಅಣ್ಣನಿಗೂ ಅಷ್ಟೇ, ತಂಗಿಗೂ ಅಷ್ಟೇ.

ಕೊನೆಗೆ ದುಡ್ಡಿನ ಪ್ರಶ್ನೆ, ಯಾಕಂದ್ರೆ ಬಹಳ ಜನ ಕೇಳ್ತಾರೆ. ಕೆಲಸ ಮಾಡಿದ್ರೆ ಹತ್ತು ರೂಪಾಯಿ, ಚಾಕೊಲೇಟ್, ಅರ್ಧ ಗಂಟೆ ಮೊಬೈಲ್ ಅಂತ ಆಸೆ ತೋರಿಸಬಹುದಾ? ಮೊದಲು ಹೇಳಿದ ಅದೇ ಇಬ್ಬರು 2008ರಲ್ಲಿ ಇದನ್ನೂ ಪರೀಕ್ಷೆ ಮಾಡಿದ್ರು, 20 ತಿಂಗಳ ಮಕ್ಕಳ ಮೇಲೆ. ಸಹಾಯ ಮಾಡಿದ್ದಕ್ಕೆ ಕೆಲವರಿಗೆ ಆಟದ ಸಾಮಾನು ಕೊಟ್ರು, ಕೆಲವರಿಗೆ ಬರೀ ಬಾಯಿ ಮಾತಿನ ಥ್ಯಾಂಕ್ಸ್, ಕೆಲವರಿಗೆ ಏನೂ ಇಲ್ಲ. ಆಮೇಲೆ ಸಹಾಯ ಮಾಡೋದು ಕಡಿಮೆ ಮಾಡಿದವರು ಯಾರು ಗೊತ್ತಾ? ಸಾಮಾನು ತಗೊಂಡವರು. ಕಾಮರ್ಸ್ ಓದಿದವಳಾಗಿ ಹೇಳ್ಬೇಕಂದ್ರೆ, ದುಡ್ಡು ಕೊಟ್ಟ ತಕ್ಷಣ ಅದು ವ್ಯಾಪಾರ ಆಯ್ತು. ವ್ಯಾಪಾರದಲ್ಲಿ, 'ಇವತ್ತು ನಂಗೆ ಹತ್ತು ರೂಪಾಯಿ ಬೇಡ, ಕೆಲಸನೂ ಬೇಡ' ಅನ್ನೋ ಹಕ್ಕು ಮಗುವಿಗೂ ಇರುತ್ತೆ. ಪಾಕೆಟ್ ಮನಿ ಕೊಡೋದಾದ್ರೆ ಕೊಡಿ, ದುಡ್ಡು ಸಂಭಾಳಿಸೋದು ಕಲೀಲಿ. ತಟ್ಟೆ ಎತ್ತಿಟ್ಟಿದ್ದಕ್ಕೆ ಮಾತ್ರ ಬೇಡ. ತಟ್ಟೆ ಎತ್ತಿಟ್ಟಿದ್ದಕ್ಕೆ ಅಮ್ಮನಿಗೆ ಯಾರು ಕೊಡ್ತಿದ್ದಾರೆ?

ಇಷ್ಟು ಇವತ್ತಿಗೆ. ನಿಮ್ಮ ಮನೇಲಿ ಚಿಕ್ಕ ಮಕ್ಕಳು ಮಾಡೋ ಕೆಲಸ ಯಾವುದು ಅಂತ ಒಂದು ನಿಮಿಷದೊಳಗಿನ ವಾಯ್ಸ್ ನೋಟ್ ಕಳಿಸಿ. ಉತ್ತರ ಕರ್ನಾಟಕ, ಕರಾವಳಿ, ಮಲೆನಾಡಿನವರು ಜಾಸ್ತಿ ಕಳಿಸಿ, ಅವರೆಕಾಯಿ ಬಿಟ್ಟು ಬೇರೆ ಏನೇನಿದೆ ಅಂತ ನಂಗೂ ಗೊತ್ತಾಗ್ಲಿ. ಹಪ್ಪಳ ಒಣಹಾಕಿ ಕಾಗೆ ಓಡಿಸೋ ಡ್ಯೂಟಿ ಮಾಡಿದವರು ಇದ್ರೆ ಅವರ ಕಥೆ ಮೊದಲು ಹಾಕ್ತೀನಿ. ಮುಂದಿನ ವಾರ ಸಿಗೋಣ.